ಜರಡಿಯಲ್ಲಿ ಬಿದ್ದುಹೋದ ಚುಕ್ಕೆ

ವಿಮಾನದಿಂದ ಎರಡು ಕುರ್ಚಿಗಳನ್ನು ಕಿತ್ತುಹಾಕಿದ ದಿನವೇ ಇದೆಲ್ಲ ಶುರುವಾಯಿತು ಎಂದು ಪ್ರಮೀಳಾ ಹುಲಕೋಟಿ ಆಮೇಲೆ ವಿಚಾರಣೆಯಲ್ಲಿ ಹೇಳಿದಳು.

ಅದು ವಿಮಾನವಾಹಕ ಹಡಗಿನಿಂದ ಹಾರಬೇಕಾದ ಮುನ್ನೆಚ್ಚರಿಕೆ ವಿಮಾನ. ಹಡಗು ಎಷ್ಟೇ ದೊಡ್ಡದಿರಲಿ, ಅದರ ಮೇಲಿನ ರೇಡಾರಿಗೆ ಭೂಮಿಯ ಬಾಗು ಅಡ್ಡ ಬರುತ್ತದೆ. ನೀರಿಗೆ ಅಂಟಿಕೊಂಡು ಬರುವ ಶತ್ರು ತೀರ ಹತ್ತಿರ ಬರುವ ತನಕ ಗೊತ್ತಾಗುವುದಿಲ್ಲ. ಅದಕ್ಕಾಗಿ ರೇಡಾರನ್ನೇ ಆಕಾಶಕ್ಕೆ ಒಯ್ಯಬೇಕು. ವಿಮಾನದ ಬೆನ್ನ ಮೇಲೆ ಏಳು ಮೀಟರ್ ಅಗಲದ ದುಂಡನೆಯ ತಟ್ಟೆ. ಅದರೊಳಗೆ ಸುತ್ತುವ ರೇಡಾರ್. ಆದರೆ ಹಡಗಿನ ಹೊಟ್ಟೆಗೆ ಇಳಿಸುವ ಲಿಫ್ಟಿನಲ್ಲಿ ವಿಮಾನ ಹಿಡಿಸಬೇಕು. ಹಾಗಾಗಿ ರೆಕ್ಕೆಗಳು ಹಿಂದಕ್ಕೆ ಮಡಚಿಕೊಳ್ಳಬೇಕು, ತಟ್ಟೆ ಬೆನ್ನಿಗೆ ಕುಸಿದು ಕೂರಬೇಕು. ಡೆಕ್ಕಿನ ಉದ್ದ ಕಡಿಮೆ. ಅಷ್ಟರಲ್ಲೇ ಏರಬೇಕೆಂದರೆ ಪ್ರತಿ ಕಿಲೋಗೂ ಉತ್ತರ ಕೊಡಬೇಕು.

"ಇನ್ನೂ ನಾನೂರು ಕಿಲೋ ಇಳಿಯಬೇಕು," ಎಂದರು ಯೋಜನೆಯ ಮುಖ್ಯಸ್ಥ ಡಾ. ರಂಗಧಾಮ. "ಎಂಜಿನ್ ಮುಟ್ಟೋ ಹಾಗಿಲ್ಲ, ಇಂಧನ ಮುಟ್ಟೋ ಹಾಗಿಲ್ಲ. ಹಿಂದೆ ಪರದೆ ನೋಡೋಕೆ ಐದು ಜನ ಯಾಕೆ? ಮೂರು ಸಾಕಾಗಲ್ವ?"

ಐದು ಜನ ನೋಡುವುದನ್ನು ಮೂರು ಜನ ನೋಡಬೇಕಾದರೆ ಪರದೆಯ ಮೇಲೆ ಬರುವುದೇ ಕಡಿಮೆಯಾಗಬೇಕು. ಈ ರೇಡಾರಿನ ತೊಂದರೆ ಎಂದರೆ ಅದು ಕಾಣುತ್ತಿದ್ದುದು ವಿಪರೀತ. ಒಂದೊಂದು ತೆರೆಯನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಿತ್ತು. ನೀರು ಎತ್ತ ಹರಿಯುತ್ತಿದೆ, ಎಷ್ಟು ವೇಗದಲ್ಲಿ ಎಂದು ಮುನ್ನೂರು ಮೈಲಿಯ ವರೆಗೆ ಹೇಳುತ್ತಿತ್ತು. ತೇಲುವ ಮರದ ದಿಮ್ಮಿ, ಹರಿದ ಬಲೆಯ ಉಂಡೆ, ಎಲ್ಲವೂ ಚುಕ್ಕೆಗಳೇ. ಇದರಲ್ಲಿ ಯಾವುದನ್ನು ಬಿಡಬೇಕು ಎಂದು ಯಂತ್ರಕ್ಕೆ ಕಲಿಸುವ ಕೆಲಸ ಪ್ರಮೀಳಾಳದು. ಅವಳು ಗದಗ ಕಡೆಯವಳು. ಮೊದಲ ಸಲ ಸಮುದ್ರ ನೋಡಿದ್ದು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಅದೂ ಪರದೆಯ ಮೇಲೆ. ತಾನು ಬರೆದ ಪ್ರೋಗ್ರಾಮಿಗೆ ಅವಳು ಜರಡಿ ಎಂದು ಹೆಸರಿಟ್ಟಳು.

ಜರಡಿಯ ನಿಯಮ ಸರಳವಾಗಿತ್ತು. ನೀರು ಒಯ್ದಂತೆ ಹೋಗುವ ವಸ್ತು ಕಸ. ನೀರಿಗಿಂತ ಬೇರೆಯಾಗಿ, ತನ್ನದೇ ಬಲದಿಂದ ಚಲಿಸುವುದು ಮಾತ್ರ ಪರದೆಗೆ ಬರಬೇಕು. ಎಷ್ಟು ಬೇರೆಯಾಗಿ? ಗಂಟೆಗೆ ಅರ್ಧ ಮೈಲಿ ಎಂದಿಟ್ಟಾಗ ಪರೀಕ್ಷೆಯಲ್ಲಿ ನಾಲ್ಕು ಸಾವಿರ ಸುಳ್ಳು ಚುಕ್ಕೆಗಳು ಬಂದವು. ಮೂವರು ವೀಕ್ಷಕರಲ್ಲಿ ಒಬ್ಬ ಹೆಡ್‌ಫೋನ್ ಕಿತ್ತೆಸೆದು, "ಮೇಡಂ, ಇದನ್ನ ನೋಡಿದ್ರೆ ತಲೆ ತಿರುಗತ್ತೆ," ಎಂದ. ಒಂದು ಮೈಲಿ ಎಂದಿಟ್ಟಾಗ ಪರದೆ ತೊಳೆದಂತೆ ಸ್ವಚ್ಛವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಮೈಲಿಯೇ ಖಾಯಂ ಆಯಿತು. ಜರಡಿ ಬಿಟ್ಟದ್ದೂ ಸೇರಿ ರೇಡಾರ್ ಕಂಡದ್ದೆಲ್ಲ ಒಂದು ಡಬ್ಬಿಯಲ್ಲಿ ದಾಖಲಾಗುತ್ತಿತ್ತು, ಆದರೆ ಅದನ್ನು ತೆರೆಯಲು ಬೆಂಗಳೂರಿನ ಅನುಮತಿ ಬೇಕಿತ್ತು.

ಸಮಿತಿಯೊಂದು ಕೂತು ವಿಮಾನಕ್ಕೆ 'ವಿಹಂಗದೃಷ್ಟಿ' ಎಂದು ಹೆಸರಿಟ್ಟಿತು. ಆ ಹೆಸರನ್ನು ಕಡತಗಳ ಹೊರಗೆ ಯಾರೂ ಬಳಸಲಿಲ್ಲ. ಕಾರವಾರದ ಬಳಿ ಹಾರಾಟದ ಪರೀಕ್ಷೆ ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ಡೆಕ್ಕಿನ ನಾವಿಕರೆಲ್ಲ ಅದನ್ನು 'ಕಾವಲಿ' ಎನ್ನತೊಡಗಿದ್ದರು. ಪಂಜಾಬಿನವರೂ ಕೇರಳದವರೂ ಕಾವಲಿ ಎಂದೇ ಕೂಗುತ್ತಿದ್ದರು. ರಂಗಧಾಮರಿಗೆ ಮೊದಲು ಸಿಟ್ಟು ಬಂತು.

"ದೋಸೆ ಹುಯ್ಯೋ ಕಾವಲಿನಾ? ಹನ್ನೊಂದು ವರ್ಷದ ಕೆಲಸ ಕಣಮ್ಮ ಇದು!"

"ಕಾವಲು ಕಾಯೋದೂ ಅದರಲ್ಲೇ ಬಂತಲ್ಲ ಸರ್," ಎಂದಳು ಪ್ರಮೀಳಾ.

ಅವರು ನಕ್ಕರು. ಮುಂದಿನ ತಿಂಗಳು ವಿಮಾನದ ಮೂಗಿನ ಮೇಲೆ ಕಾವಲಿ ಎಂದು ಬರೆಸಲು ಅವರೇ ಒಪ್ಪಿಗೆ ಕೊಟ್ಟರು.

ಹೆಸರು ಎಲ್ಲಿಂದ ಬಂತು ಎಂದು ವಿಚಾರಿಸಿದಾಗ ತಾಂಡೇಲ ಎಂಬ ನಾವಿಕ ಹೇಳಿದ: "ಸಣ್ಣಬೇಲೆಯ ಶೇವಂತಿ ಅಂತ, ಮೀನು ಮಾರ್ತಾಳೆ. ಅವಳ ಬಾಯಿಂದ ಬಂದಿದ್ದು." ಒಂದು ಭಾನುವಾರ ಪ್ರಮೀಳಾ ಅವಳನ್ನು ಹುಡುಕಿಕೊಂಡು ಹೋದಳು. ಜೊತೆಗೆ ಗಂಡ ಗುರುಬಸವ. ಹುಬ್ಬಳ್ಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವನು ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ.

ಶೇವಂತಿ ಹರಿಕಂತ್ರ ಮನೆ ಮುಂದಿನ ಮರಳಿನಲ್ಲಿ ಬಂಗಡೆ ಒಣಹಾಕುತ್ತಿದ್ದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ವಿಷಯ ಕೇಳಿ ನಾಚಿಕೆಯಿಂದ ಸೆರಗು ಬಾಯಿಗೆ ಹಿಡಿದಳು.

"ತಪ್ಪಾಯ್ತಾ ಪ್ರಮೀಳಾಬಾಯಿ? ತಲೆ ಮೇಲೆ ಅಷ್ಟ್ ದೊಡ್ಡ ಕಾವಲಿ ಹೊತ್ಕಂಡು ಹೋತದೆ. ಕಾವಲಿ ಅನ್ದೇ ಮತ್ತೆಂತ ಅನ್ನೂದು?"

ಪ್ರಮೀಳಾ ನಕ್ಕಳು. ಶೇವಂತಿ ಹುರಿದ ಮೀನು ತಂದಿಟ್ಟಳು, ಇವರು ತಿನ್ನುವುದಿಲ್ಲ ಎಂದು ತಿಳಿದು ಗಡಿಬಿಡಿಯಲ್ಲಿ ಸೌತೆಕಾಯಿ ಹೆಚ್ಚಿ ಉಪ್ಪು ಖಾರ ಹಾಕಿ ಕೊಟ್ಟಳು. ಅವಳ ಗಂಡ ಜಟ್ಟಪ್ಪ ಮೂಲೆಯಲ್ಲಿ ಕೂತು ಬಲೆಯ ಕಣ್ಣು ಹೆಣೆಯುತ್ತಿದ್ದ. ಮಾತು ಕಡಿಮೆ. ಒಂಟಿ ಎಂಜಿನ್ನಿನ ಸಣ್ಣ ದೋಣಿಯಲ್ಲಿ ಒಬ್ಬನೇ ಹೋಗಿ ಬರುವವನು.

"ಅದಕ್ಕೆ ಇವ್ರ ದೋಣಿ ಕಾಣ್ತದಾ?" ಎಂದು ಶೇವಂತಿ ಕೇಳಿದಳು.

"ಕಾಣ್ತದ. ತೇಲೋ ತೆಂಗಿನಕಾಯಿ ಸೈತ ಕಾಣ್ತದ," ಎಂದಳು ಪ್ರಮೀಳಾ. ಅದು ಸುಳ್ಳಾಗಿರಲಿಲ್ಲ. ರೇಡಾರಿಗೆ ಕಾಣುತ್ತಿತ್ತು. ಜರಡಿಯ ವಿಷಯ ಗುಟ್ಟಿನದು, ಹೇಳುವಂತಿರಲಿಲ್ಲ. ಹೇಳಬೇಕೆಂದೂ ಅವಳಿಗೆ ಅನ್ನಿಸಲಿಲ್ಲ.

"ಕೇಳಿದ್ರಾ?" ಎಂದಳು ಶೇವಂತಿ ಗಂಡನಿಗೆ. "ಇನ್ ಮೇಲೆ ನಾ ದಂಡೆ ಮೇಲೆ ಬಂದು ನಿಲ್ಲೂದಿಲ್ಲ. ಕಾವಲಿ ನೋಡ್ಕಳ್ತದೆ."

ಜಟ್ಟಪ್ಪ ತಲೆಯೆತ್ತಿ ಪ್ರಮೀಳಾಳನ್ನು ನೋಡಿ ಒಮ್ಮೆ ಕತ್ತು ಆಡಿಸಿದ.

ಆ ಮಾತು ಸಣ್ಣಬೇಲೆಯಲ್ಲೆಲ್ಲ ಹರಡಿತು. ಮುಂಚೆ ಎಂಟು ಮೈಲಿಗೆ ತಿರುಗುತ್ತಿದ್ದವರು ಹತ್ತು, ಹನ್ನೆರಡು ಮೈಲಿ ಹೋಗತೊಡಗಿದರು. ಪ್ರಮೀಳಾ ಆಗಾಗ ಶೇವಂತಿಯ ಮನೆಗೆ ಹೋಗುತ್ತಿದ್ದಳು. ಶೇವಂತಿ ಅವಳಿಗಾಗಿಯೇ ಬೇರೆ ಪಾತ್ರೆಯಲ್ಲಿ ಗಂಜಿ ಮಾಡುತ್ತಿದ್ದಳು. ಇವಳು ಊರಿನಿಂದ ಬಂದ ಶೇಂಗಾ ಚಟ್ನಿ ಕೊಡುತ್ತಿದ್ದಳು. ಹೀಗೇ ಒಂದು ವರ್ಷ ಕಳೆಯಿತು.

ಡಿಸೆಂಬರಿನ ಒಂದು ಮಂಗಳವಾರ ಬೆಳಗಾಗುವ ಮುಂಚೆ ಹೋದ ಜಟ್ಟಪ್ಪ ಹಿಂತಿರುಗಲಿಲ್ಲ. ದೂರದಲ್ಲೆಲ್ಲೋ ಚಂಡಮಾರುತ ಎದ್ದಿತ್ತು. ನೀರು ದಡದಿಂದ ಹೊರಕ್ಕೆ ಎಳೆಯುತ್ತಿತ್ತು. ಬುಧವಾರ ಬೆಳಿಗ್ಗೆ ಹುಡುಕಾಟ ಶುರುವಾಯಿತು. ಮಧ್ಯಾಹ್ನ ಶೇವಂತಿ ನೌಕಾನೆಲೆಯ ಗೇಟಿಗೆ ಬಂದು, "ಕಾವಲಿಯವ್ರನ್ನ ಕರೀರಿ, ಪ್ರಮೀಳಾಬಾಯಿ ಅಂತ," ಎಂದು ಕೂತುಬಿಟ್ಟಳು.

ಪ್ರಮೀಳಾ ಓಡಿ ಬಂದಳು, ಒಳಗೆ ಓಡಿ ಹೋದಳು. ಕಾವಲಿ ಅವತ್ತು ಬೆಳಿಗ್ಗೆ ನಾಲ್ಕು ಗಂಟೆ ಕಾಲ ಹಾರಿ ಬಂದಿತ್ತು. ಹಿಂದಿನ ಮಧ್ಯಾಹ್ನವೂ ಹಾರಿತ್ತು. ವೀಕ್ಷಕರು ಪರದೆಯ ದಾಖಲೆ ತೆರೆದು ತೋರಿಸಿದರು. ಜಟ್ಟಪ್ಪ ಹೋಗುತ್ತಿದ್ದ ವಾಯವ್ಯ ದಿಕ್ಕಿನಲ್ಲಿ ನಲವತ್ತು ಮೈಲಿಯ ವರೆಗೆ ಏನೂ ಇರಲಿಲ್ಲ. ಎರಡು ಸರಕು ಹಡಗು, ಅಷ್ಟೆ.

ಹುಡುಕಾಟ ನಡೆಸುತ್ತಿದ್ದ ಅಧಿಕಾರಿ ಕೇಳಿದ: "ಕಾವಲಿಗೆ ಅಲ್ಲೇನೂ ಕಂಡಿಲ್ಲ ಅಂತೀರಾ? ಖಾತ್ರಿನಾ?"

ಪ್ರಮೀಳಾಳಿಗೆ ಆ ಕ್ಷಣ ಜರಡಿಯ ನೆನಪಾಯಿತು. ಎಂಜಿನ್ ಕೆಟ್ಟಿದ್ದರೆ? ಆದರೆ ಒಂದು ವರ್ಷಕ್ಕೂ ಮೇಲಾಗಿ ಪರದೆ ಒಮ್ಮೆಯೂ ತಪ್ಪಿರಲಿಲ್ಲ. ಎಂಜಿನ್ ಕೆಟ್ಟವನು ಲಂಗರು ಹಾಕುತ್ತಾನೆ. ಲಂಗರು ಹಾಕಿದ ದೋಣಿ ನೀರಿನ ಜೊತೆ ಹೋಗುವುದಿಲ್ಲ, ಆದ್ದರಿಂದ ಕಾಣಲೇಬೇಕು. ಹೀಗೆಲ್ಲ ಲೆಕ್ಕ ಹಾಕಿ ಅವಳು, "ಪರದೆಯ ಪ್ರಕಾರ ಇಲ್ಲ," ಎಂದಳು. ಹುಡುಕುವ ಹಡಗುಗಳು ವಾಯವ್ಯ ಬಿಟ್ಟು ದಕ್ಷಿಣಕ್ಕೆ ಹೋದವು.

ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅವಳಿಗೆ ಹೊಳೆಯಿತು: ಜಟ್ಟಪ್ಪನ ಮನೆಯಲ್ಲಿ ತಾನು ಕಂಡಿದ್ದ ಲಂಗರಿನ ಹಗ್ಗ ಮೂವತ್ತು ಮೀಟರಿನದು. ಹನ್ನೆರಡು ಮೈಲಿ ಆಚೆ ಅದು ತಳ ಮುಟ್ಟುವುದಿಲ್ಲ. ದೋಣಿ ನೀರಿನ ಜೊತೆ ಹೋಗಿರುತ್ತದೆ, ಜರಡಿ ಅದನ್ನು ಕಸವೆಂದು ಬಿಟ್ಟಿರುತ್ತದೆ. ಅವಳು ಬ್ರಷ್ ಬಿಸಾಡಿ ಕಚೇರಿಗೆ ಹೋಗಿ ಡಬ್ಬಿ ತೆರೆಯಲು ಅನುಮತಿ ಕೇಳಿ ಪತ್ರ ಕಳಿಸಿದಳು. ಫೋನ್ ಮಾಡಿದಳು. ರಂಗಧಾಮರು ದೆಹಲಿಯಲ್ಲಿದ್ದರು. ಡಬ್ಬಿ ಇದ್ದ ಕೋಣೆಯ ಕೀಲಿ ಅವಳ ಬಳಿಯೇ ಇತ್ತು. ಇಡೀ ದಿನ ಅವಳು ಫೋನಿನ ಪಕ್ಕ ಕೂತಳು, ಮರುದಿನವೂ ಕೂತಳು. ಕೀಲಿ ಬಳಸಲಿಲ್ಲ.

ಭಾನುವಾರ ದೂರದ ಬೋಟಿನವರಿಗೆ ಜಟ್ಟಪ್ಪನ ದೋಣಿ ಸಿಕ್ಕಿತು. ಖಾಲಿ. ಹುಟ್ಟು ಮುರಿದುಹೋಗಿತ್ತು. ಮೀನಿನ ಪೆಟ್ಟಿಗೆಯಿಂದ ಕಿತ್ತ ಒಂದು ಹಲಗೆ ಬಿದ್ದಿತ್ತು. ಅದರ ಒಂದು ತುದಿಗೆ ಹರಿದ ಪಂಚೆ ಸುತ್ತಿತ್ತು, ಬಟ್ಟೆಗೆ ರಕ್ತ ಅಂಟಿತ್ತು.

ಅನುಮತಿ ಬಂದದ್ದು ಸೋಮವಾರ.

ಜರಡಿ ತೆಗೆದು ನೋಡಿದಾಗ ಚುಕ್ಕೆಯನ್ನು ಹುಡುಕಲು ಅವಳಿಗೆ ಇಪ್ಪತ್ತು ನಿಮಿಷ ಸಾಕಾಯಿತು. ಮಂಗಳವಾರ ಮಧ್ಯಾಹ್ನದ ಹಾರಾಟದಲ್ಲಿ ಅದು ದಡದಿಂದ ಹನ್ನೊಂದು ಮೈಲಿ ಆಚೆ ಇತ್ತು. ನೀರು ಗಂಟೆಗೆ ಒಂದು ಮೈಲಿ ಹೊರಕ್ಕೆ ಹೋಗುತ್ತಿದ್ದರೆ ಚುಕ್ಕೆ ಅರ್ಧ ಮೈಲಿ ಮಾತ್ರ ಹೋಗುತ್ತಿತ್ತು. ಉಳಿದ ಅರ್ಧ ಮೈಲಿಯನ್ನು ಒಬ್ಬ ಮನುಷ್ಯ ಕೈಯಿಂದ ತಳ್ಳುತ್ತಿದ್ದ. ಜರಡಿಗೆ ಬೇಕಿದ್ದುದು ಒಂದು ಮೈಲಿ. ಬುಧವಾರ ಬೆಳಿಗ್ಗೆಯ ಹಾರಾಟದಲ್ಲೂ ಹಾಗೆಯೇ. ಬುಧವಾರ ಸಂಜೆಯೂ ಹಾಗೆಯೇ, ನಡುನಡುವೆ ನಿಂತು, ಮತ್ತೆ ತಳ್ಳಿ. ಗುರುವಾರ ಬೆಳಿಗ್ಗೆ ಚುಕ್ಕೆ ನೀರಿನಷ್ಟೇ ವೇಗದಲ್ಲಿ ಹೋಗುತ್ತಿತ್ತು.

ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೊಮ್ಮೆ ನೋಡಿದಳು. ಬುಧವಾರ ಮಧ್ಯಾಹ್ನ ತಾನು "ಇಲ್ಲ" ಎಂದಾಗ ಅವನು ಇದ್ದ.

ರಂಗಧಾಮರು ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ವರದಿ ಬರಿ, ನಾನು ಮೇಲಕ್ಕೆ ಕಳಿಸ್ತೀನಿ. ಆದರೆ ಆ ಹೆಣ್ಣುಮಗಳಿಗೆ ಹೇಳಬೇಡ. ಕಾನೂನು ಒಂದು ಕಡೆ ಇರಲಿ. ಗಂಡ ಒಂದೂವರೆ ದಿನ ಒದ್ದಾಡಿದ ಅಂತ ತಿಳಿದು ಅವಳಿಗೆ ಏನು ಸಿಗುತ್ತೆ ಹೇಳು?"

ಅದೇ ಪ್ರಶ್ನೆಯನ್ನು ಅವಳು ಗುರುಬಸವನಿಗೆ ಕೇಳಿದಳು. ವಿಷಯ ಕೇಳಿ ಅವನು ರಜೆ ಹಾಕಿ ಬಂದಿದ್ದ. ಅಡುಗೆಮನೆಯಲ್ಲಿ ಇಬ್ಬರೂ ನಿಂತೇ ಇದ್ದರು. ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಯಾರೂ ಆರಿಸಲಿಲ್ಲ.

"ಹೇಳಿದ್ರ ನಿನ್ನ ಕೆಲಸ ಹೋಗ್ತದ," ಎಂದ ಅವನು.

"ಹೋಗ್ಲಿ."

"ಆಕಿಗೆ ಹಗುರಾಗೂದಿಲ್ಲ. ನಿನಗ ಹಗುರಾಗ್ತದ. ಅದಕ್ಕ ಹೇಳಾಕ ಹೊಂಟಿಯೇನು?"

ಪ್ರಮೀಳಾ ಎಂದಳು: "ಕಾಣ್ತದ ಅಂತ ನಾನಽ ಹೇಳಿದ್ದೆ. ಆ ಮಾತ ಅಲ್ಲೇ ಬಿಟ್ಟು ಬಂದ್ರ, ನಾಳೆ ಇನ್ನೊಬ್ಬ ಅದನ್ನ ನಂಬಿ ದೂರ ಹೋಗ್ತಾನ."

ಗುರುಬಸವ ಒಲೆ ಆರಿಸಿ, "ನಾನೂ ಬರ್ತೀನಿ," ಎಂದ. ಅವಳು ಬೇಡವೆಂದಳು.

ಶೇವಂತಿ ಒಳಗೆ ನೆಲದ ಮೇಲೆ ಕೂತಿದ್ದಳು. ಹಲಗೆ ಗೋಡೆಗೆ ಒರಗಿಸಿತ್ತು. ಅವಳ ಅಣ್ಣ ಪುರ್ಸು ಬಾಗಿಲಲ್ಲಿ ನಿಂತಿದ್ದ. ಪ್ರಮೀಳಾ ಎಲ್ಲವನ್ನೂ ಹೇಳಿದಳು. ಜರಡಿ ಎಂದರೇನು, ಒಂದು ಮೈಲಿ ಎಂದು ಇಟ್ಟವರು ಯಾರು, ಬುಧವಾರ ಅಧಿಕಾರಿ ಕೇಳಿದಾಗ ತಾನು ಏನೆಂದೆ, ಕೋಣೆಯ ಕೀಲಿ ಯಾರ ಬಳಿ ಇತ್ತು. ಹೇಳುವಾಗ ಅಳಬಾರದೆಂದು ಬಂದಿದ್ದಳು, ಅಳಲಿಲ್ಲ.

ಶೇವಂತಿ ಹಲಗೆ ನೋಡುತ್ತಲೇ ಕೇಳಿದಳು: "ಎಷ್ಟ್ ಹೊತ್ತು?"

"ನಮಗೆ ಕಂಡ ಮಟ್ಟಿಗೆ, ಮಂಗಳವಾರ ಮಧ್ಯಾಹ್ನದಿಂದ ಬುಧವಾರ ಸಂಜೆ ಏಳರ ತನಕ."

"ಯಾವ ದಿಕ್ಕಿಗೆ?"

"ಮನೆ ಕಡೆಗೆ. ಇಷ್ಟೂ ಹೊತ್ತು ಮನೆ ಕಡೆಗೇ."

ಶೇವಂತಿ ಮುಂದೆ ಬಾಗಿ ಹಲಗೆಗೆ ಸುತ್ತಿದ್ದ ಬಟ್ಟೆಯನ್ನು ಮುಟ್ಟಿದಳು. ಪುರ್ಸು ಮುಂದೆ ಬಂದ. ಅವಳು ಕೈಯೆತ್ತಿ ಅವನನ್ನು ತಡೆದಳು.

"ನಾ ಗೇಟಿನ ಹತ್ರ ಕೂತಾಗ ಅವ್ರು ಇದ್ರು."

"ಇದ್ದರು."

"ಆ ವಿಮಾನಕ್ಕೆ ಹೆಸ್ರಿಟ್ಟವ್ಳು ನಾನು," ಎಂದಳು ಶೇವಂತಿ. "ಊರಿನ್ ಗಂಡಸ್ರಿಗೆಲ್ಲ ಹೇಳ್ತಾ ಬಂದೆ, ಕಾವಲಿ ಅದೆ, ಹೋಗಿ ಹೋಗಿ ಅಂತ. ಆ ಹೆಸ್ರು ನಂಗೆ ವಾಪಸ್ ಕೊಡೂಕೆ ಆತದಾ ನಿಮ್ ಕೂಡೆ?"

ಪ್ರಮೀಳಾ ತಲೆ ತಗ್ಗಿಸಿದಳು.

"ಹೋಗಿ ಬಾಯಿ. ಈಗ ಹೋಗಿ."

ವಿಚಾರಣೆ ಮೂರು ತಿಂಗಳು ನಡೆಯಿತು. ಗುಟ್ಟನ್ನು ಹೊರಗೆ ಹೇಳಿದ್ದಕ್ಕಾಗಿ ಪ್ರಮೀಳಾಳನ್ನು ಯೋಜನೆಯಿಂದ ತೆಗೆದು ಬೆಂಗಳೂರಿನ ಒಂದು ಗ್ರಂಥಾಲಯಕ್ಕೆ ಹಾಕಿದರು. ಆದರೆ ಅವಳ ವರದಿಯನ್ನು ತಳ್ಳಿಹಾಕಲಿಲ್ಲ. ರಂಗಧಾಮರು ಸಮಿತಿಯೆದುರು ಎದ್ದು ನಿಂತು, ಕುರ್ಚಿಗಳನ್ನು ತೆಗೆಸಿದವನು ತಾನು ಎಂದು ಹೇಳಿದರಂತೆ. ಒಂದು ಕುರ್ಚಿ ಮತ್ತೆ ವಿಮಾನದೊಳಕ್ಕೆ ಬಂತು. ಅದರಲ್ಲಿ ಕೂತವನ ಕೆಲಸ ಜರಡಿ ಬಿಟ್ಟದ್ದನ್ನು ನೋಡುವುದು ಮಾತ್ರ. ಅದರ ಭಾರಕ್ಕೆ ಇಂಧನ ಕಡಿಮೆ ಮಾಡಬೇಕಾಯಿತು. ಹಾರಾಟ ನಲವತ್ತು ನಿಮಿಷ ಮೊಟಕಾಯಿತು. ಮೂಗಿನ ಮೇಲಿನ ಅಕ್ಷರಗಳನ್ನು ಪ್ರಮೀಳಾಳ ಕೋರಿಕೆಯ ಮೇರೆಗೆ ಅಳಿಸಿದರು. ಆದರೆ ನಾವಿಕರ ಬಾಯಿಯಿಂದ ಹೆಸರು ಹೋಗಲಿಲ್ಲ. ಸಣ್ಣಬೇಲೆಯವರು ಮಾತ್ರ ಅದು ತಲೆಯ ಮೇಲೆ ಹಾದುಹೋದಾಗ ಏನೂ ಅನ್ನುತ್ತಿರಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಪುರ್ಸುವಿನಿಂದ ಫೋನ್ ಬಂತು. "ಶೇವಂತಿ ಕೇಳ್ತಾಳೆ. ಆ ಜಾಗ ತೋರ್ಸೂಕೆ ಬತ್ರಾ ಅಂತ."

ಪ್ರಮೀಳಾ ಬಸ್ಸು ಹತ್ತಿ ಬಂದಳು. ಹೆಂಗಸರು ದೋಣಿ ಹತ್ತುವ ಪದ್ಧತಿ ಇಲ್ಲವೆಂದು ದಂಡೆಯ ಮೇಲೆ ಹಿರಿಯರೊಬ್ಬರು ಗೊಣಗಿದರು. ಶೇವಂತಿ ಅವರತ್ತ ನೋಡದೆ ಸೀರೆ ಎತ್ತಿ ಕಟ್ಟಿ ದೋಣಿ ಹತ್ತಿದಳು. ಸೂರ್ಯ ಆಗಷ್ಟೇ ಗುಡ್ಡದ ಮೇಲೆ ಬಂದಿದ್ದ. ದಾರಿಯುದ್ದಕ್ಕೂ ಅವಳು ಪ್ರಮೀಳಾಳ ಜೊತೆ ಮಾತಾಡಲಿಲ್ಲ. ಪ್ರಮೀಳಾ ಎರಡು ಸಲ ವಾಂತಿ ಮಾಡಿಕೊಂಡಳು. ಎರಡನೇ ಸಲ ಶೇವಂತಿ ನೀರಿನ ಬಾಟಲಿ ಅವಳ ಕಡೆ ಸರಿಸಿ, ಮತ್ತೆ ಮುಂದಕ್ಕೆ ನೋಡುತ್ತ ಕೂತಳು.

ಮೂರು ಗಂಟೆಯ ಪ್ರಯಾಣ. ಕೈಯಲ್ಲಿದ್ದ, ಜಾಗ ತೋರಿಸುವ ಉಪಕರಣದ ಅಂಕಿಗಳು ಕೂಡಿಬಂದಾಗ ಪ್ರಮೀಳಾ, "ಇಲ್ಲೇ," ಎಂದಳು. "ಬುಧವಾರ ಸಂಜೆ ಇಲ್ಲಿದ್ದರು."

ಪುರ್ಸು ಎಂಜಿನ್ ನಿಲ್ಲಿಸಿದ. ಸುತ್ತ ನೀರಲ್ಲದೆ ಬೇರೇನೂ ಇರಲಿಲ್ಲ. ಶೇವಂತಿ ತಂದಿದ್ದ ಅಕ್ಕಿ, ಹೂವು, ಒಂದು ಬೀಡಿ ಕಟ್ಟು, ಎಲ್ಲವನ್ನೂ ಒಂದೊಂದಾಗಿ ನೀರಿಗೆ ಬಿಟ್ಟಳು. ಆಮೇಲೆ ತಿರುಗಿ ಪೂರ್ವದ ಕಡೆ ನೋಡಿದಳು. ಗಾಳಿ ತಿಳಿಯಾಗಿತ್ತು. ದೂರದ ಅಂಚಿನಲ್ಲಿ ನೀಲಿ ಗೆರೆಯ ಹಾಗೆ ಗುಡ್ಡಗಳ ಸಾಲು ಇತ್ತು.

"ಅಣ್ಣಾ," ಎಂದಳು ಅವಳು. "ಇಲ್ಲಿಂದ ನಮ್ ಗುಡ್ಡ ಕಾಣ್ತದೆ."

ಪುರ್ಸು ಹೂಂ ಎಂದ.

"ಅವ್ರಿಗೂ ಕಂಡಿರ್ತದೆ."

ದೋಣಿ ತೆರೆಯ ಮೇಲೆ ಹತ್ತಿ ಇಳಿಯುತ್ತ ಮೆಲ್ಲಗೆ ಪಶ್ಚಿಮಕ್ಕೆ ಸರಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಪುರ್ಸು ಎಂಜಿನ್ನಿನ ಹಗ್ಗಕ್ಕೆ ಕೈ ಹಾಕಿದ. ಶೇವಂತಿ ಬೇಡವೆಂದು ತಲೆಯಾಡಿಸಿದಳು. ದೋಣಿಯ ಬದಿಯಲ್ಲಿದ್ದ ಹುಟ್ಟನ್ನು ಎತ್ತಿಕೊಂಡು, ಮಂಡಿಯೂರಿ ಕೂತು, ಗುಡ್ಡದ ಕಡೆಗೆ ಮುಖ ಮಾಡಿ ನೀರನ್ನು ಹಿಂದಕ್ಕೆ ತಳ್ಳತೊಡಗಿದಳು. ಅವಳಿಗೆ ಅಭ್ಯಾಸವಿರಲಿಲ್ಲ. ಮೂರು ಸಲ ಹುಟ್ಟು ಜಾರಿತು. ಪುರ್ಸು ತಡೆಯಲಿಲ್ಲ. ಪ್ರಮೀಳಾ ಅವಳ ಹಿಂದೆ ಕೂತು, ಅಂಗೈಗಳನ್ನು ನೀರಿಗಿಳಿಸಿ, ತನ್ನಿಂದಾದಷ್ಟು ತಳ್ಳಿದಳು.